ಗಾರ್ಡ್ ಸಾಹೇಬರ ಬಾಟಲಿ, ಭೀಮಬಾಯಿಯ ಬೆಲ್ಲ

ಆಗಿನ ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಪ್ಪಿದವನಿಗೂ ಒಂದು ಲಾಭವಿತ್ತು: ಭೀಮಬಾಯಿಯ ಖಾನಾವಳಿ. ಜೋಳದ ರೊಟ್ಟಿ, ಪುಂಡಿಪಲ್ಯ, ಬೈಗುಳ ಪುಕ್ಕಟೆ. ಹಿಂದಿನ ಕೋಣೆಗೆ ಶಹಾಬಾದಿನ ಪರಸಿಗಲ್ಲು ಹಾಸಿತ್ತು, ನೀರಿನ ಗಡಿಗೆಗಳ ಕೆಳಗೆ ಹಸಿ ಮರಳು. ಊರೆಲ್ಲ ಹಂಚಿನಂತೆ ಕಾದರೂ ಆ ಮೂಲೆ ತಂಪು. ಅದಕ್ಕೇ ಜನ ವೀಳ್ಯದೆಲೆ, ಮಲ್ಲಿಗೆ ದಂಡೆಗಳನ್ನೆಲ್ಲ ಅಲ್ಲಿ ತಂದಿಡುತ್ತಿದ್ದರು. ಭೀಮಬಾಯಿಯ ಹತ್ತಿರ ಇಟ್ಟದ್ದು ಇಟ್ಟಂತೆ ಸಿಗುತ್ತದೆ ಎಂಬ ಹೆಸರಿತ್ತು. ಕೊರಳ ಬಂಗಾರಕ್ಕಿಂತ ಆ ಹೆಸರೇ ಅವಳಿಗೆ ಹೆಚ್ಚು.

ಗೋವಾ ಭಾರತಕ್ಕೆ ಸೇರಿದ ಮರುವರ್ಷ, ಗೂಡ್ಸ್ ಗಾಡಿಯ ಗಾರ್ಡ್ ಮೆನೆಜಿಸ್ ಒಂದು ಬಾಟಲಿ ತಂದ. ಗೋವೆಯವನಾದ ಅವನ ಸೋದರಮಾವ ಪೋರ್ಚುಗಲ್ಲಿನಲ್ಲಿ ಮದುವೆಯಾಗಿ, ಮನೆಮಂದಿಯೊಂದಿಗೆ ತಾನೇ ಬೆಳೆದ ದ್ರಾಕ್ಷಿಯಿಂದ ಕೆಂಪು ವೈನ್ ಮಾಡುತ್ತಿದ್ದ; ಇದು ಅದೇ.

"ಗೋವಾ ಕೈಬಿಟ್ಟಿತಂತ ಆ ದೇಶದವ್ರು ಸಿಟ್ಟಾಗ್ಯಾರ. ಇನ್ನ ಅಲ್ಲಿಂದ ಏನೂ ಬರಂಗಿಲ್ಲ, ಬಾಯಿ. ಇದೇ ಕಡೀದು. ಮಗಳ ಲಗ್ನಕ್ಕ ತೆಗೀತೀನಿ. ನನ್ನ ಕ್ವಾರ್ಟರ್ಸ್ ಒಲಿ ಆಗ್ಯಾದ. ಅಡ್ಡ ಮಲಗಿಸಿ ಇಡ್ರಿ."

"ಮಲಗಸ್ತೀನ್ರಿ ಸಾಹೇಬ್ರ. ಬೇಕಾದ್ರ ಜೋಗುಳಾನೂ ಹಾಡ್ತೀನಿ."

ಬಾಟಲಿ ಮರಳಿನಲ್ಲಿ ವರ್ಷಗಟ್ಟಲೆ ಮಲಗಿತು. ಲಗ್ನ ಹತ್ತಿರ ಬಂದಾಗ ಭೀಮಬಾಯಿಗೆ ಮರಳಲ್ಲಿ ಕೆಂಪು ಕಲೆ ಕಂಡಿತು. ಬೂಚು ಜಿನುಗಿತ್ತು. ತೆಗೆದು ಬೆರಳದ್ದಿ ನೆಕ್ಕಿದಳು. ಸಿಹಿಯ ಸುಳಿವೇ ಇಲ್ಲ. ಕಾಯಿ ನೇರಳೆ ಕಚ್ಚಿದಂತೆ ಒಗರು. ದ್ರಾಕ್ಷಿ ಅಂದಮೇಲೆ ಸಿಹಿ ಇರಬೇಕಲ್ಲ! ತನ್ನ ಮನೆಯಲ್ಲೇ ಕೆಟ್ಟಿತು, ತನ್ನ ಹೆಸರೂ ಕೆಟ್ಟಿತು ಎಂದುಕೊಂಡಳು. ಸಾರು ಹುಳಿಯಾದರೆ ಮಾಡುವುದನ್ನೇ ಮಾಡಿದಳು: ಬೆಲ್ಲ ಕರಗಿಸಿ ಹಾಕಿ, ಬೂಚು ಬಡಿದು, ಮೇಣ ಮೆತ್ತಿದಳು.

ಲಗ್ನದ ಮನೆಯಲ್ಲಿ ಮೆನೆಜಿಸ್ ಮೇಣ ಕೆರೆದದ್ದೇ ತಡ, ಬೂಚು ಢಬ್ಬೆಂದು ಹಾರಿ ಫಾಯರ್‌ಮನ್ ಮಶಾಕನ ಟೋಪಿ ಕೆಡವಿತು. ಹಿಂದೆಯೇ ಬೆಲ್ಲ ಹುಳಿತು ಎದ್ದ ನೊರೆ.

"ಸಿಗ್ನಲ್ ಬಿತ್ರೀ!" ಎಂದ ಮಶಾಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೆನೆಜಿಸ್ ಒಂದು ಗುಟುಕು ಕುಡಿದು ಭೀಮಬಾಯಿಯ ಕಡೆ ತಿರುಗಿದ.

"ಬಾಯಿ, ಇದರಾಗ ಏನ್ ಹಾಕೀರಿ?"

"ಬೆಲ್ಲರೀ." ಅವಳ ದನಿ ಇಳಿದಿತ್ತು. "ಕೆಟ್ಟು ಒಗರಾಗಿತ್ತು."

"ಕೆಟ್ಟಿರಲಿಲ್ಲ. ಅದರ ರುಚೀನೇ ಹಂಗ. ಅದಕ ಸಿಹಿ ಇರಂಗಿಲ್ಲ."

"ಲಗ್ನದ ಮನ್ಯಾಗ ಸಿಹಿ ಇಲ್ಲದ್ದು ಕುಡಿಸ್ತಾರೇನ್ರಿ, ಸಾಹೇಬ್ರ?"

ಮೆನೆಜಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನೀರು ನಗೆಯದೋ, ಸೋದರಮಾವನ ಕೊನೆಯ ಬಾಟಲಿಯದೋ, ಭೀಮಬಾಯಿಗೆ ತಿಳಿಯಲಿಲ್ಲ. ಅಂದಿನಿಂದ ಯಾರಾದರೂ ಏನಾದರೂ ಇಡಲು ಬಂದರೆ, "ನನ್ನ ಮನ್ಯಾಗ ಬ್ಯಾಡ್ರಿ" ಎಂದು ಬಾಗಿಲಿಂದಲೇ ಕಳಿಸತೊಡಗಿದಳು. ಮಲ್ಲಿಗೆ ದಂಡೆಗಳು ಬೇರೆ ಮನೆಗಳಲ್ಲಿ ಬಾಡಿದವು.

ಮುಂದೆ ಕಾಲ ಬದಲಾಗಿ ಪೋರ್ಚುಗಲ್ಲಿನಿಂದ ಓಲೆ, ಸಾಮಾನು ಮತ್ತೆ ಬರತೊಡಗಿದವು. ತಲೆ ನರೆತ ಮೆನೆಜಿಸ್ ಒಂದು ಸಂಜೆ ನೆಟ್ಟಗೆ ಖಾನಾವಳಿಗೆ ಬಂದ. ಕಂಕುಳಲ್ಲಿ ಬಾಟಲಿ.

"ಮೊಮ್ಮಗಳ ಲಗ್ನಕ್ಕ. ಇಡ್ರಿ, ಬಾಯಿ."

"ನನ್ನ ಕೈಯಾಗೇನ್ರಿ?"

"ಮತ್ಯಾರ ಕೈಯಾಗ?"

ಭೀಮಬಾಯಿ ಎರಡೂ ಕೈ ಚಾಚಿದಳು. ಸೆರಗಿನಿಂದ ಬಾಟಲಿ ಒರೆಸಿ ಮರಳಲ್ಲಿ ಮಲಗಿಸಿದಳು. ಆಮೇಲೆ ಬೆಲ್ಲದ ಡಬ್ಬಿ ಎತ್ತಿ ಆಚೆ ಕೋಣೆಗೆ ಒಯ್ದಿಟ್ಟಳು.