ಆಚೆ ಹೊಲದ ದನಿ

ಹುಚ್ಚಕ್ಕ ಎಂದರೆ ತಲೆ ಕೆಟ್ಟವಳು ಅಂದುಕೊಳ್ಳಬೇಡಿ. ನಮ್ಮ ಹಿರೇಗುಂಟನೂರು ಕಡೆ ಅದು ಹೆಣ್ಣುಮಕ್ಕಳಿಗೆ ಇಡುವ ಹೆಸರು. ತಲೆ ಕೆಟ್ಟಿದ್ದು ಅವಳ ಗಂಡನಿಗೆ. ಬಾಗೂರಿಗೆ ಕೊಟ್ಟಿದ್ದರು, ಮಕ್ಕಳಾಗಲಿಲ್ಲ ಎಂದು ಅವನು ಇನ್ನೊಬ್ಬಳನ್ನು ತಂದು, ಇವಳನ್ನು ಬಸ್ಸು ಹತ್ತಿಸಿ ಕಳಿಸಿಬಿಟ್ಟ. ಅಂದಿನಿಂದ ಅಣ್ಣ ದೊಡ್ಡತಿಮ್ಮಪ್ಪನ ಮನೆಯಲ್ಲಿದ್ದಳು. ಅಲ್ಲಿ ಅವಳನ್ನು ಹೊಡೆದವರಿಲ್ಲ, ಬೈದವರಿಲ್ಲ, ಮಾತಾಡಿಸಿದವರೂ ಇಲ್ಲ. ನೀರು ತಂದೆಯಾ, ಕಸ ಬಳಿದೆಯಾ, ಅಷ್ಟೇ. ಉಂಡೆಯಾ ಎಂದು ಕೇಳುತ್ತಿದ್ದವಳು ಪಕ್ಕದ ಮನೆಯ ನಾನೊಬ್ಬಳು. ನನಗೂ ಹೊಲಿಗೆ ಮಿಷಿನ್ ಬಿಟ್ಟು ಏಳಲು ಪುರುಸೊತ್ತಿರಲಿಲ್ಲ.

ಅವಳ ಕೆಲಸ ಹಕ್ಕಿ ಕಾಯುವುದು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಎಲ್ಲಿ ನೋಡಿದರೂ ಸೂರ್ಯಕಾಂತಿ. ಕಾಳು ಕಟ್ಟುವ ಹೊತ್ತಿಗೆ ಗಿಣಿಗಳು ಹಿಂಡು ಹಿಂಡಾಗಿ ಇಳಿಯುತ್ತಿದ್ದವು. ಅವಳು ಕೂಲಿಗೆ ಹೋಗುತ್ತಿದ್ದ ಓಬಳೇಶಪ್ಪನ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟಣೆ ಕಟ್ಟಿದ್ದರು. ಹುಚ್ಚಕ್ಕ ಬೆಳಕು ಹರಿಯುವ ಮೊದಲೇ ಅದನ್ನು ಹತ್ತಿ, ಕವಣೆಯಲ್ಲಿ ಕಲ್ಲು ಬೀಸುತ್ತ ಕೂಗುತ್ತಿದ್ದಳು. ಎಂಥ ಕೂಗು! "ಹೋ...ಓ...ಹೋಯ್" ಎಂದು ಎಳೆದರೆ ಅಂಗಳ ಗುಡಿಸುತ್ತಿದ್ದ ನನಗೆ ಕೇಳುತ್ತಿತ್ತು. ಮನೆಯಲ್ಲಿ ಮುಚ್ಚಿಕೊಂಡಿದ್ದ ಬಾಯನ್ನು ಅಲ್ಲಿ ಬಿಚ್ಚುತ್ತಿದ್ದಳು.

ಹಳ್ಳದ ಆಚೆ ಬೇರೆ ಊರಿನವರ ಹೊಲ. ಅಲ್ಲಿಯೂ ಒಂದು ಅಟ್ಟಣೆ, ಅದರ ಮೇಲೂ ಒಬ್ಬ ಹೆಂಗಸು. ಇವಳು ಕೂಗಿದರೆ ಅವಳು ಕೂಗುವಳು. ಅಷ್ಟು ದೂರಕ್ಕೆ ಮಾತು ಮುಟ್ಟುವುದಿಲ್ಲ, ರಾಗ ಮಾತ್ರ ಮುಟ್ಟುತ್ತದೆ. ನಡುವೆ ಹೊಂಗೆ ಮರಗಳ ಸಾಲು, ಮುಖ ಕಾಣದು. ವರ್ಷಗಳು ಕಳೆದರೂ ಇಬ್ಬರೂ ಭೇಟಿಯಾಗಲಿಲ್ಲ. ಕಾಳಿನ ದಿನಗಳಲ್ಲಿ ಹಕ್ಕಿ ಬಿಟ್ಟು ಇಳಿಯುವ ಹಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಹುಡುಕಿಕೊಂಡು ಹೋಗಲು ಇವಳಿಗೆ ನಾಚಿಕೆ. ಸಂಜೆ ನನ್ನ ಜಗಲಿಗೆ ಬಂದು, "ಆಚೆ ಹೊಲದಾಕೆ ಗಂಟ್ಲು ಇವತ್ತು ಕಟ್ಟಿತ್ತು ಕಮಲಮ್ಮ, ಶೀತ ಆಗೈತೇನೋ" ಎಂದು ಮರುಗುವಳು.

"ಹೆಸ್ರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಶೀತ ಆಗಿದ್ದು ಮಾತ್ರ ಗೊತ್ತೇನೇ ನಿಂಗೆ?" ಎಂದು ನಾನು ರೇಗಿಸುತ್ತಿದ್ದೆ.

ಒಮ್ಮೆ ಕೇಳಿದೆ, "ದಿನಾ ಹಕ್ಕಿ ಓಡಿಸ್ತೀಯಲ್ಲ, ಬೆಳಗಾನೆದ್ದು ಅವು ಯಾಕ್ ಹಾಡ್ತವೆ ಹೇಳು ನೋಡಾಣ."

"ಅದು ಹಾಡಲ್ಲ," ಅಂದಳು. "ಕತ್ಲೆ ಕಳ್ದು ಕಣ್ ಬಿಟ್ಟಾಗ, ನಾನಿಲ್ಲಿದೀನಿ, ನೀನಿದೀಯಾ ಅಂತ ಒಂದು ಕೇಳ್ತೈತೆ. ಆ ಕಡೆ ಮರದಿಂದ ಇನ್ನೊಂದು ಇದೀನಿ ಅಂತೈತೆ. ಅಷ್ಟ್ ಕೇಳ್ಸಿದ್ರೆ ಸಾಕು, ಆಮೇಲೆ ಮೇಯಕ್ಕೆ ಹೋಗ್ತವೆ."

"ಯಾರೂ ಇದೀನಿ ಅನ್ನದಿದ್ರೆ?"

"ಕೂಗ್ತಾನೇ ಇರ್ತೈತೆ ಪಾಪ" ಎಂದು ಸೆರಗು ಕೊಡವಿ ಎದ್ದು ಹೋದಳು. ನನಗೆ ಆಮೇಲೆ ಮಿಷಿನ್ ತುಳಿಯಲು ಮನಸ್ಸಾಗಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ಓಬಳೇಶಪ್ಪನ ಮಗ ಯೋಗೇಶ್ ಚಿತ್ರದುರ್ಗದಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟ. ಒಂದು ದಿನ ಟೇಪ್ ರೆಕಾರ್ಡರ್ ತಂದು, ಹುಚ್ಚಕ್ಕನ ಕೂಗನ್ನು ಕ್ಯಾಸೆಟ್ಟಿಗೆ ತುಂಬಿಕೊಂಡ. ಇವಳು ಹಬ್ಬದ ಸೀರೆ ಉಟ್ಟು ಹೋಗಿದ್ದಳು! ಕ್ಯಾಸೆಟ್ಟಿನ ಎರಡೂ ಮಗ್ಗುಲು ತುಂಬುವಷ್ಟು ಕೂಗಿ, ಗಂಟಲು ಹರಿದುಕೊಂಡು ಬಂದು, "ನನ್ ದನಿ ಟೇಪ್ನಾಗೆ ಬಂತು" ಎಂದು ಬೀಗಿದಳು. ಮರುದಿನ ಅಟ್ಟಣೆಗೆ ಮೈಕಿನ ಹಾರ್ನ್ ಕಟ್ಟಿ, ಟೇಪಿಗೆ ಟ್ರ್ಯಾಕ್ಟರ್ ಬ್ಯಾಟರಿ ಸಿಕ್ಕಿಸಿದರು. "ಇನ್ನು ನೀನು ಹಕ್ಕಿ ಕಾಯಾದು ಬ್ಯಾಡ ಹುಚ್ಚಕ್ಕ. ಈರುಳ್ಳಿ ಹೊಲದಾಗೆ ಕಳೆ ಐತೆ, ಅದ ನೋಡ್ಕ" ಎಂದ ಓಬಳೇಶಪ್ಪ. ಅವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ವಾರ ಕಳೆಯುವುದರೊಳಗೆ ಗಿಣಿಗಳಿಗೆ ವಿಷಯ ತಿಳಿದುಹೋಯಿತು. ಹಾರ್ನಿನ ಮೇಲೇ ಕುಳಿತು ಕಾಳು ಬಿಡಿಸುತ್ತಿದ್ದವು. ಮಗನ ಬುದ್ಧಿವಂತಿಕೆ ಕೆಲಸಕ್ಕೆ ಬರಲಿಲ್ಲ ಎಂದು ಒಪ್ಪಿಕೊಳ್ಳಲು ಓಬಳೇಶಪ್ಪ ತಯಾರಿರಲಿಲ್ಲ, ಟೇಪು ಓಡುತ್ತಲೇ ಇತ್ತು. ಆಚೆ ಹೊಲದಾಕೆಗೂ ಏನೂ ತಿಳಿಯಲಿಲ್ಲ. ಬಗ್ಗಿ ಕಳೆ ಕೀಳುವ ಹುಚ್ಚಕ್ಕನ ಕಿವಿಗೆ ಮೊದಲು ತನ್ನದೇ ಕೂಗು, ಅದರ ಹಿಂದೆಯೇ ಹಳ್ಳದ ಆಚೆಯಿಂದ ಉತ್ತರ. ಇವಳು ಬದುವಿನ ಮೇಲೆ ನಿಂತು "ಅದು ನಾನಲ್ಲ ಕಣೇ" ಎಂದು ಕಿರುಚಿದಳಂತೆ. ಆಚೆಯವಳಿಗೆ ಅದೂ ಇನ್ನೊಂದು ಕೂಗಾಗಿ ಕೇಳಿಸಿರಬೇಕು.

"ನನ್ನ ಪಾಲಿಗೆ ಅಂತ ಇದ್ದದ್ದು ಅದೊಂದು ದನಿ. ಅದೂ ಆ ಪೆಟ್ಟಿಗೆ ಪಾಲಾತು" ಎಂದು ನನ್ನ ಜಗಲಿಯಲ್ಲಿ ಕುಳಿತು ಅತ್ತಳು.

"ಹೋಗಿ ಹೇಳೇ, ಬಾಯಿಲ್ವಾ ನಿಂಗೆ" ಎಂದು ಗದರಿದೆ. ಮರುದಿನ ಕಳೆ ಕೆಲಸಕ್ಕೆ ಚಕ್ಕರ್ ಹೊಡೆದು ಹಳ್ಳ ದಾಟಿದಳು. ಅಲ್ಲಿ ನಡೆದದ್ದನ್ನು ಸಂಜೆ ಬಂದು ನನಗೆ ಹೇಳಿದಳು.

ಅಟ್ಟಣೆಯ ಮೇಲಿದ್ದವಳ ಹೆಸರು ಚಂದ್ರಕ್ಕ. ಇವಳಿಗಿಂತ ದೊಡ್ಡವಳು, ತಲೆ ಪೂರ್ತಿ ನರೆತಿತ್ತು. "ಯಾರವ್ವ? ಯಾವೂರು?" ಎಂದಳು. ಹುಚ್ಚಕ್ಕ ಮಾತಾಡುವ ದನಿಯನ್ನು ಅವಳು ಎಂದೂ ಕೇಳಿದವಳಲ್ಲ, ಗುರುತು ಹತ್ತುವುದಾದರೂ ಹೇಗೆ? ಇವಳು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಓಬಳೇಶಪ್ಪನ ಹೊಲದಿಂದ ಕೂಗು ಬಂತು.

"ತಡಿಯವ್ವ" ಎಂದು ಚಂದ್ರಕ್ಕ ಎದ್ದು ನಿಂತು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದಳು. ಆಮೇಲೆ ನಗುತ್ತ ಹೇಳಿದಳು: "ನನ್ನ ಗೆಣತಿ. ಮೊದ್ಲೆಲ್ಲ ಉಣ್ಣಕ್ಕೆ ಕುಂತಾಗ ಸುಮ್ಕಾಗೋಳು, ನಂಗೆ ಜೀವ ಹಾರೋದು. ಈ ವರ್ಷ ಒಂದು ಗಳಿಗೆನೂ ನನ್ನ ಒಂಟಿ ಬಿಟ್ಟಿಲ್ಲ ನೋಡು. ಅವಳಿಗೂ ನನ್ನಂಗೆ ಯಾರೂ ಇಲ್ಲೇನೋ."

ಹುಚ್ಚಕ್ಕ ನೀರು ಕೇಳಿ ಕುಡಿದು, ಹೊತ್ತಿಳಿದ ಮೇಲೆ ವಾಪಸು ಬಂದಳು.

ನನಗೆ ಮೈಯೆಲ್ಲ ಉರಿಯಿತು. "ಅದು ನಾನೇ ಅಂತ ಒಂದು ಮಾತು ಅನ್ನಕ್ಕೆ ಏನಾಗಿತ್ತೇ?"

"ಅಂದಿದ್ರೆ, ನಾಳೆಯಿಂದ ಅವಳು ಆ ಪೆಟ್ಟಿಗೆ ಕೂಗ ಕೇಳ್ಕಂಡು ಒಬ್ಬಳೇ ಕುಂತಿರಬೇಕಿತ್ತು. ನಂಗೆ ದಿನಾ ಹೋಗಕ್ಕಾಗ್ತಿತ್ತಾ?"

"ಮತ್ತೆ ಅಷ್ಟೊತ್ತು ಅಲ್ಲಿ ಏನ್ ಮಾಡ್ದೆ?"

"ಕೆಳಗೆ ನಿಂತ್ಕಂಡು, ಅವಳು ನನ್ನ ಕರೆಯಾದ ಕೇಳ್ದೆ. ಹತ್ತಿರದಿಂದ ಯಾವತ್ತೂ ಕೇಳಿರ್ಲಿಲ್ಲ."

ಮರುದಿನ ಬೆಳಿಗ್ಗೆ ಓಬಳೇಶಪ್ಪನ ಹೊಲದಿಂದ ಹುಚ್ಚಕ್ಕನ ಕೂಗು ಕೇಳಿಬಂತು. ಆಗ ಅವಳು ಬುತ್ತಿ ಹಿಡಿದು, ಬಾಯಿ ಮುಚ್ಚಿಕೊಂಡು, ನನ್ನ ಜಗಲಿಯ ಮುಂದೆಯೇ ಈರುಳ್ಳಿ ಹೊಲಕ್ಕೆ ಹೋಗುತ್ತಿದ್ದಳು.