ಖಾಲಿ ಹೋದ ಮುಂದಿನ ಸೀಟು

ಹೋದ ವಾರ ಎರಡು ಮೂಟೆ ಮೆಣಸು ಹಾಕಿಕೊಂಡು ಪುಲ್ಪಳ್ಳಿಗೆ ಹೊರಟಾಗ ಸಿಕ್ಕಿದ್ದು ಒಂದು ಹಳೇ ಜೀಪು. ಹಿಂದೆ ಹತ್ತಿ ಕೂತೆ. ಕೂತೊಡನೆ ಆ ವಾಸನೆ ಮೂಗಿಗೆ ಬಡಿಯಿತು. ಡೀಸೆಲ್ಲು, ಮಳೆಗೆ ನೆನೆದು ಒಣಗಿದ ಟಾರ್ಪಾಲು, ಹಸಿ ಗೋಣಿಚೀಲ, ಬೀಡಿ... ಕಾಡಿನ ರಸ್ತೆ ಮುಗಿಯುವ ಮೊದಲೇ ಇಳಿಸಪ್ಪಾ ಎಂದು ಇಳಿದುಬಿಟ್ಟೆ. ಹೊಟ್ಟೆ ತೊಳಸುತ್ತಾ ಎಂದು ಡ್ರೈವರ್ ಕೇಳಿದ. ಹೌದು ಎಂದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ.

ನಮ್ಮೂರು ಚೇಕಾಡಿಯಲ್ಲಿ ನಾವು ಚಿಕ್ಕವರಾಗಿದ್ದಾಗ ಇದ್ದದ್ದು ಒಂದೇ ಜೀಪು. ಅದರ ಯಜಮಾನನನ್ನು ಊರೆಲ್ಲ ಜೀಪಿನ ಕಾಕ ಎಂದೇ ಕರೆಯುತ್ತಿತ್ತು. ನಮ್ಮ ಮನೆಯಿಂದ ನಾಲ್ಕು ಗದ್ದೆ ದಾಟಿದರೆ ಕಾಕನ ಮನೆ. ನಡುವೆ ಬೇಲಿ ಕೂಡ ಇರಲಿಲ್ಲ. ನಮ್ಮವರು ಯಾವ ಕಾಲದಲ್ಲೋ ಗುಂಡ್ಲುಪೇಟೆ ಕಡೆಯಿಂದ ಬಂದು ಈ ಬಯಲಲ್ಲಿ ಭತ್ತ ಬೆಳೆಯುತ್ತಾ ಉಳಿದವರು. ಕಾಕನ ಉಪ್ಪ, ಎಂದರೆ ಅಪ್ಪ, ಮಲಪ್ಪುರಂ ಕಡೆಯಿಂದ ಬಂದವರಂತೆ. ಕಾಕ ಮಾತ್ರ ಇಲ್ಲೇ ಹುಟ್ಟಿದವನು. ನಮ್ಮ ಮಾತನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದ, ಸಿಟ್ಟು ಬಂದಾಗ ಮಾತ್ರ ಪೂರ್ತಿ ಮಲಯಾಳಕ್ಕೆ ಇಳಿಯುತ್ತಿದ್ದ.

ಆ ಜೀಪಿಗೊಂದು ಕಾನೂನಿತ್ತು. ಡ್ರೈವರ್ ಪಕ್ಕದ ಸೀಟು ಕಾಯಿಲೆಯವರಿಗೆ. ಮಿಕ್ಕ ಜಾಗ ಮೊದಲು ಬಂದವರಿಗೆ. ಬೇರೆ ಊರಿನ ಜೀಪುಗಳಲ್ಲಿ ಕಾಡಂಚಿನ ಹಾಡಿಯ ಆದಿವಾಸಿ ಜನ ಹಿಂದೆ ಕಂಬಿ ಹಿಡಿದು ನೇತಾಡಬೇಕಿತ್ತು, ಒಳಗೆ ಜಾಗವಿದ್ದರೂ ಸರಿಯೆ. ಕಾಕನ ಜೀಪಿನಲ್ಲಿ ಅವರು ಒಳಗೆ ಕೂರುವ ತನಕ ಗಾಡಿ ಹೊರಡುತ್ತಿರಲಿಲ್ಲ. ಒಮ್ಮೆ ಜ್ವರದಲ್ಲಿ ನಡುಗುತ್ತಿದ್ದ ಹಾಡಿಯ ಮುದುಕಿಗಾಗಿ ನಮ್ಮ ದೊಡ್ಡಪ್ಪನನ್ನು ಮುಂದಿನ ಸೀಟಿನಿಂದ ಎಬ್ಬಿಸಿ ಹಿಂದಕ್ಕೆ ಕಳಿಸಿದ್ದ. ದೊಡ್ಡಪ್ಪ ಒಂದು ತಿಂಗಳು ಮುಖ ಊದಿಸಿಕೊಂಡು ಪುಲ್ಪಳ್ಳಿಗೆ ನಡೆದೇ ಹೋದ. ಆಮೇಲೆ ಕಾಲುನೋವು ಬಂದು ಮತ್ತೆ ಅದೇ ಜೀಪು ಹತ್ತಿದ. ಆಗ ಕಾಕ ಅವನನ್ನು ಮುಂದೆಯೇ ಕೂರಿಸಿದ.

ಹಾಗಂತ ನಮ್ಮ ಶಾಸ್ತ್ರಗಳನ್ನು ಅವನು ಹಗುರವಾಗಿ ಕಂಡವನಲ್ಲ. ಹೊಸ ಅಕ್ಕಿಯ ಹಬ್ಬದ ವ್ರತ ಹಿಡಿದವರು ಹತ್ತಿದರೆ ಸೀಟು ಒರೆಸಿ, ತೊಳೆದ ಗೋಣಿ ಹಾಸುತ್ತಿದ್ದ. ಇಗರ್ಜಿಯ ಮದುವೆ ದಿಬ್ಬಣಕ್ಕೂ ಅದೇ ಜೀಪು, ಶಬರಿಮಲೆಗೆ ಹೊರಟವರಿಗೂ ಅದೇ, ಹಾಡಿಯವರು ತಮ್ಮ ದೈವಕ್ಕೆ ಕೋಳಿ ಹಿಡಿದು ಹೊರಟರೂ ಅದೇ. ನೋಂಬಿನ ತಿಂಗಳಲ್ಲಿ ತಾನು ನೀರೂ ಮುಟ್ಟದೆ ನಮ್ಮ ಅವ್ವನಿಗೆ ದಾರಿಯಲ್ಲಿ ಎಳನೀರು ಕೊಡಿಸುತ್ತಿದ್ದ. ಅವ್ವನನ್ನು ಅಕ್ಕ ಎನ್ನುತ್ತಿದ್ದ. ಅವ್ವನೂ ಪ್ರತಿ ವರ್ಷ ಹೊಸ ಗಂಧಕಸಾಲೆ ಅಕ್ಕಿಯನ್ನು ಮೊದಲು ಅಳೆದು ಕಟ್ಟುತ್ತಿದ್ದುದು ಕಾಕನ ಮನೆಗೇ.

ನಮ್ಮ ಅಪ್ಪ ತೀರಿಕೊಂಡ ಮರುವರ್ಷ ಮೊದಲ ತೆನೆ ಕೊಯ್ಯುವ ಪಾಳಿ ನನ್ನದಾಯಿತು. ನನಗಾಗ ಇಪ್ಪತ್ತನಾಲ್ಕು. ನಮ್ಮ ಮನೆಯವರು ತೆನೆ ಕೊಯ್ದು ದೇವರ ಮುಂದೆ ಇಟ್ಟ ಮೇಲೆಯೇ ನಮ್ಮ ಜನರ ಮಿಕ್ಕ ಗದ್ದೆಗಳಿಗೆ ಕುಡುಗೋಲು ಇಳಿಯಬೇಕು. ಅದಕ್ಕೆ ಮುಂಚಿನ ಏಳು ದಿನ ಕೊಯ್ಯುವವನಿಗೂ ಮನೆಯ ಹಿರಿಯ ಹೆಂಗಸಿಗೂ ವ್ರತ. ಸಾವಿನ ಸೂತಕ, ಹೆರಿಗೆಯ ಪುರುಡು ಇರುವ ಕಡೆ ಸುಳಿಯುವಂತಿಲ್ಲ. ಸುಳಿದರೆ ವ್ರತ ಮುರಿದು, ಇಡೀ ಬಯಲಿನ ಕೊಯ್ಲು ನಿಲ್ಲುತ್ತದೆ. ಮಾಗಿದ ಭತ್ತ ನಿಂತರೆ ಕಾಡಿನಿಂದ ಆನೆ ಇಳಿಯುತ್ತದೆ. ಊರಿನ ಹಿರಿಯರು ಒಬ್ಬೊಬ್ಬರೇ ಮನೆಗೆ ಬಂದು ಜೋಪಾನ, ನಿಮ್ಮಪ್ಪನ ಹೆಸರು ಉಳಿಸು ಎಂದು ಹೇಳಿ ಹೋಗಿದ್ದರು. ನಾನು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ.

ವ್ರತದ ಐದನೆಯ ದಿನ ಮಧ್ಯಾಹ್ನ. ತೆನೆ ಸುತ್ತುವುದಕ್ಕೆ ಎಲೆ ಕೊಯ್ಯಲು ಹೋದ ಅವ್ವನಿಗೆ ಗದ್ದೆಯ ಬದುವಿನಲ್ಲಿ ನಾಗರಹಾವು ಕಚ್ಚಿತು. ಕೂಗಿದ್ದು ಕೇಳಿ ಓಡಿದೆ. ಮೊಣಕಾಲ ಕೆಳಗೆ ಎರಡು ಹನಿ ರಕ್ತ, ಅಷ್ಟೇ. ಅವ್ವನನ್ನು ಹೆಗಲ ಮೇಲೆ ಹಾಕಿಕೊಂಡು ಗದ್ದೆಗಳನ್ನು ದಾಟಿ ರಸ್ತೆಗೆ ಬರುವಷ್ಟರಲ್ಲಿ ಅವಳ ರೆಪ್ಪೆ ಜೋಲತೊಡಗಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ತೇಗದ ಮರದ ಬುಡದಲ್ಲಿ ಅವಳನ್ನು ಒರಗಿಸಿ ನಿಂತಿದ್ದಾಗ ಕಾಕನ ಜೀಪಿನ ಸದ್ದು ಕೇಳಿತು. ದೇವರೇ ಕಳಿಸಿದ ಎಂದುಕೊಂಡೆ.

ಜೀಪು ನಿಂತಿತು. ಹೌದು, ನಿಂತಿತು. ಅವ್ವನಿಗೆ ಹಾವು ಕಚ್ಚಿದೆ ಕಾಕ ಎಂದು ಕೂಗಿದೆ. ಹಿಂದೆ ಟಾರ್ಪಾಲಿನಡಿ ಹಾಡಿಯ ಒಬ್ಬ ಹೆಂಗಸು ಮಲಗಿದ್ದಳು. ನಮ್ಮ ಗದ್ದೆಯಲ್ಲೇ ನಾಟಿ ಮಾಡುತ್ತಿದ್ದವಳು. ಹಿಂದಿನ ದಿನದಿಂದ ನೋವು, ಮಗು ಅಡ್ಡ ತಿರುಗಿತ್ತು, ನೀರೊಡೆದು ಗೋಣಿಯೆಲ್ಲ ಒದ್ದೆಯಾಗಿತ್ತು. ಅವಳ ತಲೆಯನ್ನು ಹಿಡಿದುಕೊಂಡು ಗಂಡ ಕೂತಿದ್ದ. ಮುಂದಿನ ಸೀಟು ಖಾಲಿ ಇತ್ತು.

"ಅಕ್ಕನ್ನ ಮುಂದೆ ಕೂರಿಸು ಮೋನೆ, ಬೇಗ," ಎಂದ ಕಾಕ. ಮಗನೇ ಎನ್ನುವುದಕ್ಕೆ ಅವನು ಮೋನೆ ಎನ್ನುತ್ತಿದ್ದ.

ನಾನು ಹಿಂದೆ ನೋಡಿದೆ, ಆ ಒದ್ದೆ ಗೋಣಿಯನ್ನು ನೋಡಿದೆ. "ನಾವು ವ್ರತದಲ್ಲಿದ್ದೀವಿ ಕಾಕ," ಎಂದೆ.

"ಗೊತ್ತು. ನಡುವೆ ಟಾರ್ಪಾಲು ಕಟ್ತೀನಿ. ಮುಟ್ಟೋದೂ ಇಲ್ಲ, ತಾಗೋದೂ ಇಲ್ಲ. ಪಾಂಬು ಕಚ್ಚಿದ್ದು ಕಾಯ್ತದಾ?"

ಆಗ ನಾನೊಂದು ಮಾತು ಹೇಳಿದೆ. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದ ಮಾತು. "ಅವಳನ್ನ ಇಳಿಸು. ಅವ್ವನ್ನ ಬಿಟ್ಟು ಬಂದು ಅವಳನ್ನ ಕರಕೊಂಡೋಗು," ಎಂದೆ. ನಾಲ್ಕು ಗದ್ದೆಯ ಆಚೆಯ ನೆರೆಯವನು, ನಮ್ಮ ಅಕ್ಕಿ ಉಂಡವನು, ನನ್ನ ಮಾತು ಮೀರುವುದಿಲ್ಲ ಎಂದು ನಂಬಿದ್ದೆ.

ಕಾಕ ನನ್ನನ್ನೇ ನೋಡಿದ. ಬೈಯಲಿಲ್ಲ, ಮಲಯಾಳಕ್ಕೂ ಇಳಿಯಲಿಲ್ಲ. "ಅಕ್ಕ ನಂಗೆ ಎಷ್ಟೋ ಇವಳೂ ಅಷ್ಟೇ. ಇಬ್ಬರಿಗೂ ಜಾಗ ಇದೆ. ಹತ್ತಿಸು, ನಿನ್ನ ಕಾಲು ಹಿಡೀತೀನಿ," ಎಂದ. ನಿಜವಾಗಿಯೂ ಇಳಿದು ಬಂದು ಬಗ್ಗಿದ. ಅವ್ವನನ್ನು ತಾನೇ ಎತ್ತಲು ನೋಡಿದ. ನಾನು ಅವನ ಕೈ ತಳ್ಳಿದೆ. ಹಿಂದಿನಿಂದ ಆ ಹೆಂಗಸು ಒಮ್ಮೆ ಚೀರಿದಳು. ಅವ್ವ ನನ್ನ ಪಂಚೆಯ ಅಂಚು ಹಿಡಿದು ಜಗ್ಗಿದಳು. ನಾಲಿಗೆ ತೊಡರುತ್ತಿತ್ತು. ಹತ್ತಿಸು ಎನ್ನುತ್ತಿದ್ದಳೋ, ಬೇಡ ಎನ್ನುತ್ತಿದ್ದಳೋ... ಕೇಳಿಸಿಕೊಳ್ಳಲು ಬಗ್ಗಲಿಲ್ಲ ನಾನು.

ಕಾಕ ಹೊರಟ. ಪುಲ್ಪಳ್ಳಿಯಿಂದ ಬೇರೆ ಜೀಪು ಕಳಿಸುತ್ತೇನೆ ಎಂದು ಕೂಗುತ್ತಲೇ ಹೊರಟ. ಕಳಿಸಿದ ಕೂಡ. ಅದು ಬಂದು ನಿಂತಾಗ ಅವ್ವನ ಉಸಿರು ನಿಂತು ಸ್ವಲ್ಪ ಹೊತ್ತಾಗಿತ್ತು. ಮನೆಗೆ ಸೂತಕ ಬಂತು. ಆ ವರ್ಷ ನಾನು ತೆನೆ ಕೊಯ್ಯಲಿಲ್ಲ. ದೊಡ್ಡಪ್ಪನ ಮಗ ಹತ್ತು ದಿನ ತಡವಾಗಿ ಕೊಯ್ದ. ಏನೂ ಆಗಲಿಲ್ಲ. ಆನೆಯೂ ಇಳಿಯಲಿಲ್ಲ. ಬತ್ತೇರಿಯ ಆಸ್ಪತ್ರೆಯಲ್ಲಿ ಆ ಹೆಂಗಸಿಗೆ ಹೆಣ್ಣು ಮಗುವಾಯಿತು, ಇಬ್ಬರೂ ಬದುಕಿದರು. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು. ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ.

ಅವ್ವನನ್ನು ಅಂಗಳದಲ್ಲಿ ಮಲಗಿಸಿದ್ದಾಗ ದೊಡ್ಡಪ್ಪ ಕೇಳಿದ, ಕಾಕನ ಜೀಪು ಆ ಕಡೆ ಬರಲಿಲ್ಲವೇ ಎಂದು. ಬಂತು, ನಿಲ್ಲಿಸಲಿಲ್ಲ ಎಂದೆ. ಅಷ್ಟೇ ಎರಡು ಮಾತು. ಅದು ಬೆಳೆಯುವುದಕ್ಕೆ ನಾನು ನೀರು ಹಾಕಬೇಕಾಗಲಿಲ್ಲ. ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ ವಾರದೊಳಗೆ ಅದು, ಅವರಿಗೆ ನಮ್ಮವರ ಜೀವ ಯಾವ ಲೆಕ್ಕ ಎಂಬಲ್ಲಿಗೆ ಬಂದು ನಿಂತಿತು. ಜೀಪಿನಲ್ಲಿ ಇದ್ದವಳು ಕಾಕನ ಮತದವಳೂ ಅಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ಹಾಡಿಯವರಿಗೆ ನಿಜ ಗೊತ್ತಿತ್ತು. ಹಾಡಿಯವರ ಮಾತನ್ನು ನಮ್ಮೂರಲ್ಲಿ ಯಾವತ್ತು ಯಾರು ಕೇಳಿದ್ದರು?

ಅವ್ವ ತೀರಿಕೊಂಡ ಏಳನೆಯ ದಿನ ಕಾಕ ಬಂದ. ಅಂಗಳದ ಅಂಚಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ. ಚಾವಡಿಯ ತುಂಬ ನಮ್ಮವರು. ಅವನು ಬಾಯಿ ಬಿಟ್ಟರೆ ನನ್ನ ಕತೆ ಮುಗಿಯುತ್ತಿತ್ತು. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ನಾನು ಕೂರು ಎನ್ನಲಿಲ್ಲ. ಅಕ್ಕನ್ನ ಉಳಿಸೋಕೆ ಆಗಲಿಲ್ಲ, ಎಂದಷ್ಟೇ ಹೇಳಿ ಹೊರಟುಹೋದ. ಆ ಮಾತನ್ನು ಊರು ತಪ್ಪೊಪ್ಪಿಗೆ ಎಂದು ಹಿಡಿದುಕೊಂಡಿತು.

ಆಮೇಲೆ ನಮ್ಮವರು ಯಾರೂ ಆ ಜೀಪು ಹತ್ತಲಿಲ್ಲ. ಹೊಸ ಅಕ್ಕಿ ಆ ಮನೆಗೆ ಹೋಗುವುದು ನಿಂತಿತು. ನಮ್ಮ ಗದ್ದೆಗೂ ಅವನ ಗದ್ದೆಗೂ ನಡುವೆ ನಾನೇ ಬೇಲಿ ಹಾಕಿಸಿದೆ. ಎರಡು ಮಳೆಗಾಲ ಕಳೆದ ಮೇಲೆ ಕಾಕ ಜೀಪು ಮಾರಿದ. ಮತ್ತೆ ಇಪ್ಪತ್ತು ವರ್ಷ, ನಾಲ್ಕು ಗದ್ದೆಯ ಆಚೆ, ದಿನಾ ಬೆಳಿಗ್ಗೆ ಅವನ ಕೆಮ್ಮು ನನಗೆ ಕೇಳುತ್ತಿತ್ತು. ಇವತ್ತು ಹೋಗಿ ಹೇಳಿಬಿಡುತ್ತೇನೆ ಎಂದು ಎಷ್ಟು ಸಲ ಬೇಲಿಯ ತನಕ ಹೋಗಿದ್ದೇನೋ... ಬೇಲಿ ಸರಿಮಾಡುವವನ ಹಾಗೆ ಒಂದು ಗೂಟ ಅಲ್ಲಾಡಿಸಿ ವಾಪಸು ಬರುತ್ತಿದ್ದೆ.

ಹೋದ ಮಳೆಗಾಲದಲ್ಲಿ ಕಾಕ ತೀರಿಕೊಂಡ. ನಾನು ಹೋದೆ. ಅಷ್ಟು ವರ್ಷದ ಮೇಲೆ ನಾನು ಆ ಅಂಗಳ ತುಳಿದದ್ದು ನೋಡಿ ಜನ ದಾರಿ ಬಿಟ್ಟರು. ದೊಡ್ಡ ಮನಸ್ಸು ಎಂದು ಯಾರೋ ಅಂದದ್ದೂ ಕೇಳಿಸಿತು. ಗೋರಿಗೆ ಒಯ್ಯಲು ಮಯ್ಯತ್ತು ಎತ್ತುವ ಮೊದಲು ಅವರಲ್ಲೊಂದು ಪದ್ಧತಿ. ಮಗನಾದವನು ಜನರ ಮುಂದೆ ನಿಂತು, ನಮ್ಮ ಉಪ್ಪನಿಂದ ಯಾರಿಗಾದರೂ ನೋವಾಗಿದ್ದರೆ ಪೊರುತ್ತು ಕೊಡಬೇಕು, ಅಂದರೆ ಕ್ಷಮಿಸಬೇಕು ಎಂದು ಕೇಳಿಕೊಳ್ಳುತ್ತಾನೆ. ಕಾಕನ ಮಗನೂ ಕೇಳಿಕೊಂಡ. ಆಮೇಲೆ ಜನರ ನಡುವಿನಿಂದ ನೇರ ನನ್ನ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ಏಟ್ಟಾ, ಅಣ್ಣಾ, ಉಪ್ಪ ಯಾವಾಗ್ಲೂ ಹೇಳ್ತಿದ್ರು, ಅವತ್ತು ತಪ್ಪು ನಂದೇ, ಅವನ ಮೇಲೆ ನೀವ್ಯಾರೂ ಸಿಟ್ಟು ಇಟ್ಕೋಬೇಡಿ ಅಂತ. ನೀವು ಉಪ್ಪಂಗೆ ಪೊರುತ್ತು ಕೊಡ್ಬೇಕು," ಎಂದ.

ಊರೆಲ್ಲ ನೋಡುತ್ತಿತ್ತು. ನಮ್ಮವರು, ಅವರವರು, ಇಗರ್ಜಿಯ ಕಡೆಯವರು. ಹಾಡಿಯವರ ಗುಂಪಿನಲ್ಲಿ ಆ ಹೆಂಗಸೂ ಇದ್ದಳು, ಪಕ್ಕದಲ್ಲಿ ಅವಳ ಮಗಳು. ಹೆಂಗಸು ನನ್ನನ್ನೇ ದಿಟ್ಟಿಸುತ್ತಿದ್ದಳು. ಕಾಕ ಬಿಳಿ ಬಟ್ಟೆಯಡಿ ಮಲಗಿದ್ದ. ಇನ್ನೊಂದು ಸಮಯ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಗನ ಕೈ ಬೆಚ್ಚಗಿತ್ತು. ನಾನು ಬಾಯಿ ತೆರೆದೆ.

"ಕೊಟ್ಟಿದ್ದೀನಿ," ಎಂದೆ.

ಅವನು ಅತ್ತ. ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡ. ಆ ಹೆಂಗಸು ಮಗಳ ತೋಳು ಹಿಡಿದು ಎದ್ದು ಹೋದಳು.

ಅಂದಿನಿಂದ ಅವನು ನನ್ನನ್ನು ಕಂಡಲ್ಲೆಲ್ಲ ನಿಂತು ಮಾತಾಡಿಸುತ್ತಾನೆ. ಮೊನ್ನೆ ತಾನೇ ಮುಂದಾಗಿ ಬೇಲಿಯ ಒಂದು ಕಡೆ ಬಿಚ್ಚಿ ದಾರಿ ಮಾಡಿದ. ನಮ್ಮ ಮಾತನ್ನು ಅವನು ಅವನ ಉಪ್ಪನಷ್ಟೇ ಚೆನ್ನಾಗಿ ಆಡುತ್ತಾನೆ. ಆದರೆ ಓದಿದ್ದೆಲ್ಲ ಮಲಯಾಳ, ಕನ್ನಡದ ಒಂದು ಅಕ್ಷರವೂ ಅವನಿಗೆ ಗೊತ್ತಿಲ್ಲ. ನಾನು ಸೋದರಮಾವನ ಮನೆಯಲ್ಲಿದ್ದು ಗುಂಡ್ಲುಪೇಟೆಯಲ್ಲಿ ಏಳನೆಯವರೆಗೆ ಕಲಿತವನು, ಮಲಯಾಳವೂ ಬರೆಯಬಲ್ಲೆ. ಆದರೂ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ಅವನಿಗೆ ಓದಲು ಬಾರದು ಎಂದು ಗೊತ್ತಿದ್ದೇ.