ಶ್ರೀಕಂಠನ ಇಂಗಿನ ಸಾರು

ಶ್ರೀಕಂಠ ಜಂಭದ ಮನುಷ್ಯ. ದುಷ್ಟನಲ್ಲ, ಸೋಮಾರಿಯಲ್ಲ, ಜಿಪುಣನೂ ಅಲ್ಲ. ಆದರೆ ‘ನನ್ನದು ತಪ್ಪಾಯಿತು’ ಎಂದು ಹೇಳುವುದಕ್ಕೆ ಬೇಕಾದ ಅಂಗವೊಂದನ್ನು ಅವನಿಗೆ ಕೊಡಲು ದೇವರು ಮರೆತಿದ್ದ. ಐರ್ಲೆಂಡಿನ ಗಾಲ್ವೇಯಲ್ಲಿ ನನ್ನ ಮಗಳ ಮನೆಗೆ ಅಂಟಿಕೊಂಡ ಮನೆ ಅವನದು. ಈ ದೇಶದ ಗೋಡೆಗಳು ತೆಳು. ಆದ್ದರಿಂದ ಆಧಾರವಿಲ್ಲದೆ ನಾನು ಈ ಮಾತು ಹೇಳುತ್ತಿಲ್ಲ.

ಊರಂಚಿನ ಪಾರ್ಕ್‌ಮೋರ್ ಕೈಗಾರಿಕಾ ಬಡಾವಣೆಯಲ್ಲಿ, ರಕ್ತನಾಳದೊಳಗೆ ತೂರಿಸುವ ಸಣ್ಣ ನಳಿಕೆಗಳನ್ನು ತಯಾರಿಸುವ ಕಂಪನಿಯಲ್ಲಿ ಅವನಿಗೆ ಕೆಲಸ. ನಳಿಕೆ ಮಾಡುವುದು ಯಂತ್ರ. ಯಂತ್ರ ತಪ್ಪು ಮಾಡುತ್ತಿಲ್ಲ ಎಂದು ಸಾಬೀತು ಮಾಡಿ ಸಹಿ ಹಾಕುವುದು ಶ್ರೀಕಂಠ. ಇಂಥ ಕೆಲಸದಲ್ಲಿ ಬಹುಕಾಲ ಇದ್ದವರಿಗೆ ತಾವೂ ಅಂಥದೇ ಒಂದು ಯಂತ್ರವೆಂಬ ನಂಬಿಕೆ ಬಂದುಬಿಡುತ್ತದೆ.

ಅವನ ಹೆಂಡತಿ ನೀರಜಾಗೆ ಥೈರಾಯ್ಡ್ ಕಾಯಿಲೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಆಮೇಲೆ ಗಂಟೆ ಹೊತ್ತು ಕಾಫಿಗೆ ಕಾಯುವ ವ್ರತ. ವರ್ಷ ವರ್ಷವೂ ಮಾತ್ರೆಯ ಪ್ರಮಾಣ ಏರಿತು, ಅವಳು ಮಾತ್ರ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು, ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಕೊನೆಗೆ ಆಸ್ಪತ್ರೆಯವರು ಕರುಳನ್ನು ಪರೀಕ್ಷಿಸಿ ಸೀಲಿಯಾಕ್ ಎಂದರು. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟನ್ ಎಂಬ ಅಂಟು ಒಳಗೆ ಹೋದರೆ ದೇಹ ತನ್ನ ಕರುಳನ್ನೇ ಕೆಡಿಸಿಕೊಳ್ಳುವ ರೋಗ ಇದು. ಥೈರಾಯ್ಡಿನ ತೊಂದರೆ ಇದರ ಜೊತೆಗಿರುವುದು ಅಪರೂಪವಲ್ಲವಂತೆ. ಔಷಧಿ ಗೋಧಿಯನ್ನು ಬಿಡುವುದೊಂದೇ. ಬಿಡುವುದೆಂದರೆ ಚೂರೂ ಇಲ್ಲದ ಹಾಗೆ, ಜೀವನಪೂರ್ತಿ.

ಇನ್ನೊಬ್ಬ ಗಂಡನಾಗಿದ್ದರೆ ಹೆದರುತ್ತಿದ್ದ. ಶ್ರೀಕಂಠನಿಗೆ ಉತ್ಸಾಹ ಬಂತು. ನೀರಜಾಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ಅಡುಗೆಯನ್ನು ತಾನೇ ವಹಿಸಿಕೊಂಡ. ರವೆ, ಶಾವಿಗೆ, ಮೈದಾ ಮನೆ ಬಿಟ್ಟವು. ಹೊಸ ಕಾವಲಿ ಬಂತು, ಹೊಸ ಜರಡಿ ಬಂತು, ಎರಡಕ್ಕೂ ಕೆಂಪು ಟೇಪು ಬಿತ್ತು. ನಾನು ಬಿಸ್ಕತ್ತು ತಿಂದು ಹೋದ ದಿನ ಬಾಗಿಲಲ್ಲೇ ಕೈ ತೊಳೆಸಿದ. ಮೈಸೂರಿನಲ್ಲಿ ಇದ್ದಷ್ಟು ಕಾಲ ಮುದ್ದೆಯನ್ನು ಮುಟ್ಟದವನು ಈಗ ರಾಗಿಯನ್ನು ತಾನೇ ಕಂಡುಹಿಡಿದವನ ಹಾಗೆ ಭಾಷಣ ಬಿಗಿಯುತ್ತಿದ್ದ.

ಅವನ ಸಾರು ಮಾತ್ರ ಚೆನ್ನಾಗಿರುತ್ತಿತ್ತು. ದಿನವೂ ಸಾರು, ದಿನವೂ ತುಪ್ಪದ ಒಗ್ಗರಣೆಗೆ ಧಾರಾಳವಾಗಿ ಇಂಗು. ಊರಿಗೆ ಹೋಗಿ ಬರುವ ಕನ್ನಡಿಗರೆಲ್ಲ ಅವನಿಗೆ ಮೈಸೂರಿನ ಡಬ್ಬಿ ಇಂಗನ್ನು ಕಪ್ಪದಂತೆ ತಂದೊಪ್ಪಿಸಬೇಕು. ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತರೆ ಮೊದಲು ಸಾರನ್ನು ಮೂಸುತ್ತಿದ್ದ.

“ಇಂಗಿಲ್ಲದ ಸಾರು ಅಂದ್ರೆ ಸಹಿ ಇಲ್ಲದ ರಿಪೋರ್ಟ್, ಮೇಡಂ. ಕಸದ ಬುಟ್ಟಿಗೆ ಹಾಕ್ಬೇಕು.”

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಅಂತರ್ಜಾಲದಲ್ಲಿ ಯಾರೋ ಬರೆದದ್ದನ್ನು ಓದಿ ಅವನಿಗೊಂದು ಸಿದ್ಧಾಂತ ಹುಟ್ಟಿತು. “ಗ್ಲುಟನ್ ಬಿಟ್ರೆ ಥೈರಾಯ್ಡೂ ತಾನಾಗೇ ವಾಸಿ ಆಗುತ್ತೆ. ಮುಂದಿನ ಬ್ಲಡ್ ಟೆಸ್ಟ್ ಕ್ಲೀನ್ ಬರ್ಲಿ, ಮಾತ್ರೆ ಬಂದ್! ಈ ಮೆಡಿಕಲ್ ಕಂಪನಿಯವ್ರು ಇದನ್ನೆಲ್ಲ ಹೇಳಲ್ಲ.” ತಾನು ಯಾರ ಸಂಬಳ ತಿನ್ನುತ್ತಿದ್ದೇನೆಂಬುದು ಆ ಕ್ಷಣ ಅವನಿಗೆ ನೆನಪಿರಲಿಲ್ಲ.

ದೀಪಾವಳಿಯ ಹೊತ್ತಿಗೆ ರಕ್ತದ ವರದಿ ಬಂತು. ಕರುಳಿನ ಲೆಕ್ಕವೂ ಇಳಿದಿರಲಿಲ್ಲ, ಥೈರಾಯ್ಡಿನದೂ ಇಳಿದಿರಲಿಲ್ಲ. ಕಾರ್ಖಾನೆಯಲ್ಲಿ ಇಂಥ ಸಂದರ್ಭಕ್ಕೆ ಒಂದು ತೀರ್ಮಾನ ಸಿದ್ಧವಾಗಿರುತ್ತದೆ: ವಿಧಾನ ಸರಿಯಿದೆ, ತಪ್ಪು ಯಂತ್ರ ನಡೆಸಿದವರದು. ಶ್ರೀಕಂಠ ಆ ತೀರ್ಮಾನವನ್ನು ತನ್ನ ಗೆಳೆಯ ಅನಿಲನ ಮನೆಯ ಹಬ್ಬದೂಟದಲ್ಲಿ, ಎಲ್ಲರ ಮುಂದೆ, ಹೆಂಡತಿಯ ಮೇಲೆ ಪ್ರಯೋಗಿಸಿದ.

“ಆಫೀಸಲ್ಲಿ ಟೀ ಜೊತೆ ಸ್ಕೋನ್ ಇಡ್ತಾರೆ ಅಂತ ನೀನೇ ಹೇಳಿದ್ದೆ ಅಲ್ವಾ?” ಸ್ಕೋನ್ ಅಂದರೆ ಇಲ್ಲಿಯವರು ಟೀ ಜೊತೆ ತಿನ್ನುವ, ಗೋಧಿ ಹಿಟ್ಟಿನ ಸಣ್ಣ ಬನ್ನು.

“ಇಡ್ತಾರೆ ರೀ. ಇಡೋದು ಅವ್ರು. ತಿನ್ನೋದು ನಾನಲ್ಲ.”

“ರಕ್ತ ಸುಳ್ಳು ಹೇಳಲ್ಲ, ನೀರಜಾ.”

“ಹಾಗಾದ್ರೆ ನಾನು ಹೇಳ್ತೀನಾ?”

ಅನಿಲ ಸಮಾಧಾನಕ್ಕೆ ಬಂದ. ಅವನ ಸಮಾಧಾನ ಯಾವಾಗಲೂ ಬೆಂಕಿಗೆ ಸೌದೆ. “ಹೋಗ್ಲಿ ಬಿಡೋ, ಪಾಪ. ಒಂದು ಸ್ಕೋನ್ ಕದ್ದು ತಿಂದ್ರೆ ಏನಾಗುತ್ತೆ? ಶಿ ಈಸ್ ಗ್ರ್ಯಾಂಡ್!” ಚೆನ್ನಾಗಿದ್ದಾಳೆ ಎನ್ನುವುದಕ್ಕೆ ಈ ಊರಿನವರ ಮಾತು ಅದು.

ಎಲ್ಲರೂ ನಕ್ಕರು. ಅಂದಿನಿಂದ ಗಾಲ್ವೇಯ ಕನ್ನಡಿಗರಲ್ಲಿ ಅವಳು ಸ್ಕೋನ್ ನೀರಜಾ ಆದಳು.

ಮರುದಿನ ಬಟ್ಟೆ ಒಣಹಾಕುತ್ತ ಬೇಲಿಯಾಚೆಯಿಂದ ಅವಳು ಹೇಳಿದಳು: “ಕಾಯಿಲೆ ಇದ್ರೆ ಇರ್ಲಿ ಮೇಡಂ, ತಡ್ಕೊಂಡಿದ್ದೀನಿ. ಕಳ್ಳಿ ಅನ್ನಿಸ್ಕೊಂಡು ಈ ಜನರ ಜೊತೆ ಹೇಗೆ ಕೂತ್ಕೊಳ್ಲಿ? ಮುಂದಿನ ವಾರ ಆಸ್ಪತ್ರೆಗೆ ನೀವೂ ಬನ್ನಿ. ನೀವಿದ್ರೆ ಅವ್ರು ಸ್ವಲ್ಪ ಕಮ್ಮಿ ಮಾತಾಡ್ತಾರೆ.”

ಹೋದೆ. ಅವನು ಕಮ್ಮಿ ಮಾತಾಡಲಿಲ್ಲ.

ಆ ದಿನ ಇದ್ದವರು ಡಾಕ್ಟರ್ ನಿಖಿತಾ, ದಾವಣಗೆರೆಯಲ್ಲಿ ಓದಿ ಇಲ್ಲಿಗೆ ಬಂದವರು. ಶ್ರೀಕಂಠ ತನ್ನ ಅಡುಗೆಮನೆಯ ವ್ಯವಸ್ಥೆಯನ್ನೆಲ್ಲ ವಿವರಿಸಿ, ಉಳಿದಿರುವುದು ಸ್ಕೋನ್ ಒಂದೇ ಎಂದು ಮುಗಿಸಿದ. ಆಕೆ ಅವನತ್ತ ನೋಡದೆ ನೀರಜಾಳನ್ನು ಕೇಳಿದರು.

“ದಿನಾ ಏನು ಊಟ ಮಾಡ್ತೀರಾ?”

“ಅನ್ನ, ಸಾರು, ಪಲ್ಯ, ಮೊಸರು.”

“ಸಾರಿಗೆ ಇಂಗು?”

ಉತ್ತರ ಗಂಡನಿಂದ ಬಂತು. “ಫಸ್ಟ್ ಕ್ಲಾಸ್ ಇಂಗು ಡಾಕ್ಟ್ರೇ! ಮೈಸೂರಿಂದ್ಲೇ ತರಿಸ್ತೀನಿ, ಡಬ್ಬೀದು. ನಾನೇ ಹಾಕೋದು, ಕೈಬಿಚ್ಚಿ ಹಾಕ್ತೀನಿ.”

“ಬರೀ ಇಂಗನ್ನ ಹಾಗೇ ಹಾಕೋಕಾಗಲ್ಲ, ಅಷ್ಟು ಘಾಟು ಇರುತ್ತೆ. ಅದಕ್ಕೇ ಹಿಟ್ಟು ಬೆರೆಸಿ ಡಬ್ಬಿಗೆ ತುಂಬ್ತಾರೆ. ಬಹಳಷ್ಟರಲ್ಲಿ ಅದು ಗೋಧಿ ಹಿಟ್ಟು. ನೀವು ದಿನಾ ಇವರಿಗೆ ಗೋಧಿ ಬಡಿಸಿದ್ದೀರ, ಶ್ರೀಕಂಠ ಅವ್ರೇ. ಕೈಬಿಚ್ಚಿ.”

ಬಿಸ್ಕತ್ತಿನ ಕೈಯನ್ನು ತೊಳೆಸುವ ಮನೆಯಲ್ಲಿ ಇಂಗನ್ನು ಯಾರೂ ಪ್ರಶ್ನಿಸಿರಲಿಲ್ಲ. ಗೋಧಿ ಬರುವುದು ಐರ್ಲೆಂಡಿನ ಬೇಕರಿಯಿಂದ. ಅಮ್ಮನ ಒಗ್ಗರಣೆಯಿಂದ ಬರುತ್ತದೆಂದು ಯಾವ ಮೈಸೂರಿನವನು ಅನುಮಾನಪಟ್ಟಾನು?

ಕಾರಿನಲ್ಲಿ ನೀರಜಾ ಮೆಲ್ಲಗೆ ಕೇಳಿದಳು. “ಸ್ಕೋನ್ ತಿಂದೆ ಅಂದ್ರಲ್ಲ ರೀ?”

“ಈ ರೌಂಡ್‌ಅಬೌಟ್ ನೋಡು, ಯಾವಾಗ್ಲೂ ಜಾಮ್” ಎಂದ ಶ್ರೀಕಂಠ.

ಮನೆಯಿಂದ ಇಂಗಿನ ಡಬ್ಬಿ ಮಾಯವಾಯಿತು. ಗೋಡೆಗೆ ಕಿವಿಗೊಡದೆಯೇ ಎಲ್ಲ ಕೇಳಿಸುವ ನನಗೆ, ಕ್ಷಮೆ ಕೇಳಿದ ಸದ್ದು ಮಾತ್ರ ಕೇಳಿಸಲಿಲ್ಲ.

ಚಳಿಗಾಲ ಕಳೆಯುವಾಗ ನೀರಜಾಗೆ ಹೊಸ ತೊಂದರೆ ಶುರುವಾಯಿತು: ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು. ಶ್ರೀಕಂಠ ಮತ್ತೆ ಹಿಗ್ಗಿದ. “ನಾನು ಹೇಳ್ಲಿಲ್ವಾ? ಥೈರಾಯ್ಡ್ ವಾಸಿ ಆಯ್ತು, ಮಾತ್ರೆ ನಿಲ್ಲಿಸು.” ಅವಳು ನಿಲ್ಲಿಸದೆ ಡಾಕ್ಟರ ಬಳಿ ಹೋದಳು. ಆ ಸಲ ನನ್ನನ್ನೂ ಕರೆಯಲಿಲ್ಲ, ಅವನನ್ನೂ ಕರೆಯಲಿಲ್ಲ. ರಕ್ತ ತೆಗೆದು ನೋಡಿ ನಿಖಿತಾ ಹೇಳಿದ್ದನ್ನು ಅವಳು ಬಂದು ಹಾಗೇ ಒಪ್ಪಿಸಿದಳು: ಕರುಳು ಚೇತರಿಸಿಕೊಂಡಿದೆ, ಮೊದಲು ವ್ಯರ್ಥವಾಗುತ್ತಿದ್ದ ಮಾತ್ರೆ ಈಗ ಪೂರ್ತಿ ಹೀರಿಕೆಯಾಗುತ್ತಿದೆ, ಅದಕ್ಕೇ ಹೆಚ್ಚಾಗಿದೆ. ಪ್ರಮಾಣ ಇಳಿಸಬೇಕು, ನಿಲ್ಲಿಸಬಾರದು. ಪಥ್ಯದಿಂದ ಥೈರಾಯ್ಡ್ ಗ್ರಂಥಿಯೇ ವಾಸಿಯಾಗುತ್ತದೆಂದು ಯಾರೂ ಮಾತು ಕೊಡುವ ಹಾಗಿಲ್ಲ.

“ಇಳಿಸೋದು ಅಂದ್ರೆ ನಿಲ್ಲಿಸೋ ದಾರಿಯಲ್ಲೇ ತಾನೇ ಇದೆ?” ಎಂದ ಶ್ರೀಕಂಠ. ನಾನು ಹೇಳಿದೆನಲ್ಲ, ಆ ಅಂಗವೇ ಇಲ್ಲ.

ಯುಗಾದಿಗೆ ಚರ್ಚಿನ ಸಭಾಂಗಣ ಬಾಡಿಗೆಗೆ ಹಿಡಿದು ಊಟ. ಸಾರಿನ ಹೊಣೆ ಎಂದಿನಂತೆ ಶ್ರೀಕಂಠನದು. ನೀರಜಾ ಎಂದಿನಂತೆ ಮನೆಯಿಂದ ತನ್ನ ಊಟದ ಡಬ್ಬಿ ತಂದು ಮೂಲೆಯಲ್ಲಿ ಕೂತಿದ್ದಳು. ಮೊದಲ ಪಂಕ್ತಿಯಲ್ಲಿ ಅನಿಲ ಒಂದು ತುತ್ತು ಬಾಯಿಗಿಟ್ಟವನೇ ದೊಡ್ಡ ದನಿ ತೆಗೆದ.

“ಏನೋ ಶ್ರೀಕಂಠ, ಇಂಗೇ ಇಲ್ವಲ್ಲೋ! ಕಸದ ಬುಟ್ಟಿಗೆ ಹಾಕೋ ಸಾರು ನಮಗ್ಯಾಕೆ ಬಡಿಸಿದ್ದೀಯ? ನೀರಜಾ ಅವ್ರು ಹೇಗೂ ಕದ್ದು ಸ್ಕೋನ್ ತಿಂತಾರೆ. ಪಥ್ಯ ನಮಗಾ?”

ಸಭಾಂಗಣ ನಗಲು ಸಿದ್ಧವಾಯಿತು. ನೀರಜಾ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಇಂಗಿನ ಮೇಲೆ, ಕರುಳಿನ ಮೇಲೆ, ಐರ್ಲೆಂಡಿನ ವೈದ್ಯರ ಮೇಲೆ ಇನ್ನೊಂದು ಉಪನ್ಯಾಸ ಬಂತೆಂದು ನಾನು ಚಮಚ ಕೆಳಗಿಟ್ಟೆ.

ಶ್ರೀಕಂಠ ಸಾರಿನ ಪಾತ್ರೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡು, ಸಾಲು ದಾಟಿ, ನೇರ ಮೂಲೆಗೆ ಹೋದ. ನೀರಜಾಳ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ತಟ್ಟೆಯಿಟ್ಟು, ಅನ್ನ ಹಾಕಿ, ಎಲ್ಲರಿಗೂ ಬಡಿಸಿದ ಅದೇ ಸಾರನ್ನು ಅವಳಿಗೂ ಬಡಿಸಿದ.

“ಕದ್ದು ತಿಂದವಳಲ್ಲ ಕಣೋ ಅವಳು” ಎಂದ, ಅನಿಲನ ಕಡೆ ತಿರುಗದೆಯೇ. “ಹಾಕಿದವನು ನಾನು. ಇಂಗಲ್ಲಿ ಗೋಧಿ ಇತ್ತು.”

“ಅಂದ್ರೆ?” ಎಂದ ಅನಿಲ.

“ಅಂದ್ರೆ ಅಷ್ಟೇ. ಸಾರು ಆರುತ್ತೆ, ಊಟ ಮಾಡು.”